ಲೂಸಿಯಾ ಹ್ಯಾರಿಸ್: ಅಂಕಣವಿಲ್ಲದ ಆಟಗಾರ್ತಿ

(ಶತಮಾನೋತ್ಸವದ ಅಂಗವಾಗಿ ನಡೆದ ಯುವತಿಯರ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಹಬ್ಬದಲ್ಲಿ ಯುವತಿಯರನ್ನು ಉದ್ದೇಶಿಸಿ ನಾಲ್ಕು ಮಾತನಾಡಬೇಕೆಂದು ಕಾರ್ಯಸಮಿತಿಯವರು ಕೇಳಿಕೊಂಡರು. ವಿಷಯದ ಆಯ್ಕೆಯನ್ನು ನಮಗೇ ಬಿಟ್ಟರು. ನಾವು ಆರಿಸಿಕೊಂಡಿರುವುದು ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯೊಬ್ಬಳ ಜೀವನವನ್ನು. ಹಬ್ಬದ ಚಪ್ಪರದಲ್ಲಿ ಚೆಂಡಾಟದ ಕಥೆಯೇ ಎಂದು ಹಿರಿಯರು ಹುಬ್ಬೇರಿಸುವುದು ಸಹಜ. ಆದರೆ ಈ ಕಥೆಯ ನಡುವೆ ಧರ್ಮಭಗಿನಿಯರ ಕಾಲೇಜೊಂದು ಬರುತ್ತದೆ. ಹೊಲದಲ್ಲಿ ಹತ್ತಿ ಬಿಡಿಸಿದ ಕೈಗಳು ಬರುತ್ತವೆ. ತಾಯ್ತನವೂ ಬರುತ್ತದೆ, ಮನೋವ್ಯಾಧಿಯೂ ಬರುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ದೇವರಿತ್ತ ಶಕ್ತಿ ಒಬ್ಬಳಲ್ಲಿ ತುಂಬಿ ತುಳುಕುತ್ತಿದ್ದರೂ ಅದನ್ನು ಬಳಸಲು ಅವಳ ಕಾಲದ ಸಮಾಜದಲ್ಲಿ ಜಾಗವೇ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಯಿದೆ. ಆಕೆಯ ಹೆಸರು ಲೂಸಿಯಾ ಹ್ಯಾರಿಸ್. ಗೆಳತಿಯರು ಲೂಸಿ ಎಂದು ಕರೆಯುತ್ತಿದ್ದರು. ನಮ್ಮ ಜ್ಞಾನಸ್ನಾನದ ದಫ್ತರಗಳಲ್ಲಿ ಈ ಹೆಸರು ಎಷ್ಟು ಸಲ ಬಂದಿದೆಯೋ ಗುರುಗಳೇ ಬಲ್ಲರು.

ಆಟದ ವಿಚಾರವಾಗಿ ಒಂದೆರಡು ಮಾತು ಮೊದಲು ಹೇಳುವುದು ಒಳ್ಳೆಯದು. 1891ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸಲೆಂದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಬಡಿದು ಈ ಆಟವನ್ನು ಕಂಡುಹಿಡಿದರು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಕಲಿಸಿದರು. ಹೀಗೆ ಈ ಆಟದಲ್ಲಿ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಹಿಂದೆ ಬಂದವರೇನೂ ಅಲ್ಲ. ಆದರೆ ಹೆಣ್ಣಿನ ದೇಹಕ್ಕೆ ಹೆಚ್ಚು ಶ್ರಮ ಸಲ್ಲದೆಂಬ ಆ ಕಾಲದ ನಂಬಿಕೆಗೆ ತಲೆಬಾಗಿ, ಅಂಕಣವನ್ನು ಗೆರೆ ಎಳೆದು ಮೂರು ಪಾಲು ಮಾಡಲಾಯಿತು. ತನ್ನ ಪಾಲಿನ ಗೆರೆಯನ್ನು ಆಟಗಾರ್ತಿ ದಾಟುವಂತಿರಲಿಲ್ಲ. ನಿಯಮಗಳು ಬದಲಾಗುತ್ತ ಬಂದರೂ, ಅಮೆರಿಕದ ಕಾಲೇಜು ಹುಡುಗಿಯರು ಇಡೀ ಅಂಕಣದಲ್ಲಿ ಐದೈದು ಜನ ಓಡಾಡಿ ಆಡುವ ನಿಯಮ ನೆಲೆಗೊಂಡದ್ದು 1971ರಲ್ಲಿ. ಒಂದು ಗೆರೆಯನ್ನು ಅಳಿಸಲು ಎಂಬತ್ತು ವರ್ಷಗಳು ಬೇಕಾದವು.

ಲೂಸಿಯಾ ಹುಟ್ಟಿದ್ದು 1955ರ ಫೆಬ್ರವರಿ 10ರಂದು, ಮಿಸಿಸಿಪ್ಪಿ ರಾಜ್ಯದ ಮಿಂಟರ್ ಸಿಟಿ ಎಂಬಲ್ಲಿ. ಹೆಸರಿನಲ್ಲಿ ಸಿಟಿ ಎಂದಿದ್ದರೂ ಅದು ಹತ್ತಿಯ ಹೊಲಗಳ ನಡುವಿನ ಹಳ್ಳಿ. ಹನ್ನೊಂದು ಮಕ್ಕಳ ಬಡ ಬೇಸಾಯಗಾರ ಕುಟುಂಬ, ಆಕೆ ಹತ್ತನೆಯವಳು. ಮನೆಮಂದಿಯೆಲ್ಲ ಹೊಲದಲ್ಲಿ ದುಡಿಯುತ್ತಿದ್ದರು, ಹತ್ತಿ ಬಿಡಿಸುತ್ತಿದ್ದರು. ಅದು ಕಪ್ಪು ಜನಾಂಗದವರಿಗೆ ಬೇರೆ ಶಾಲೆ, ಬಿಳಿಯರಿಗೆ ಬೇರೆ ಶಾಲೆ ಇದ್ದ ನಾಡು. ಆಕೆ ಹುಟ್ಟಿದ ವರ್ಷದ ಆಗಸ್ಟ್ ತಿಂಗಳಲ್ಲಿ, ಅದೇ ಜಿಲ್ಲೆಯ ಮನಿ ಎಂಬ ಹಳ್ಳಿಯ ಬಳಿಯಿಂದ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ರಾತ್ರಿ ಹೊತ್ತು ಎಳೆದೊಯ್ದು ಕೊಂದರು; ಆರೋಪಿಗಳನ್ನು ಬಿಳಿಯರೇ ತುಂಬಿದ್ದ ಪಂಚರ ಮಂಡಳಿ ನಿರ್ದೋಷಿಗಳೆಂದು ಬಿಟ್ಟುಕಳಿಸಿತು. ಆ ಮಣ್ಣಿನಲ್ಲಿ ಈ ಮಗು ಬೆಳೆಯಿತು.

ಮನೆಯ ಅಂಗಳದಲ್ಲಿ ಅಣ್ಣಂದಿರು, ಅಕ್ಕಂದಿರು ಚೆಂಡು ಆಡುವಾಗ ಈಕೆಯೂ ಸೇರಿದಳು. ರಾತ್ರಿ ಮಲಗುವ ಹೊತ್ತು ಮೀರಿದ ಮೇಲೆ, ತಾಯಿಗೆ ಕಾಣದಂತೆ ಕಂಬಳಿಯನ್ನು ಟೆಲಿವಿಷನ್ನಿನ ಮೇಲೂ ತನ್ನ ಮೇಲೂ ಹೊದಿಸಿಕೊಂಡು, ಆಸ್ಕರ್ ರಾಬರ್ಟ್‌ಸನ್ ಮೊದಲಾದ ಗಂಡಸರ ಆಟವನ್ನು ನೋಡುತ್ತಿದ್ದಳೆಂದು ಮುಂದೆ ಆಕೆಯೇ ಹೇಳಿದ್ದುಂಟು. ಬೆಳೆದಂತೆಲ್ಲ ಎತ್ತರ ಏರುತ್ತ ಹೋಗಿ 6 ಅಡಿ 3 ಅಂಗುಲಕ್ಕೆ ನಿಂತಿತು. ಹುಡುಗಿ ಇಷ್ಟುದ್ದ ಬೆಳೆದರೆ ಶಾಲೆಯಲ್ಲಿ ಎಂಥ ಹೆಸರುಗಳನ್ನು ಕೇಳಬೇಕಾಗುತ್ತದೆಂಬುದು ಇಲ್ಲಿ ಕುಳಿತಿರುವ ಉದ್ದನೆಯ ಹುಡುಗಿಯರಿಗೆ ಹೇಳಬೇಕಾಗಿಲ್ಲ. ಗ್ರೀನ್‌ವುಡ್ ಪಟ್ಟಣದ ಅಮಾಂಡಾ ಎಲ್ಜಿ ಪ್ರೌಢಶಾಲೆಯ ತಂಡದಲ್ಲಿ ಮಾತ್ರ ಆ ಎತ್ತರ ಅಪಹಾಸ್ಯದ ವಸ್ತುವಾಗದೆ ಆಸ್ತಿಯಾಯಿತು.

ಪ್ರೌಢಶಾಲೆ ಮುಗಿದಾಗ ಆಕೆ ಆಲ್ಕಾರ್ನ್ ಎಂಬ ಕಪ್ಪು ಜನಾಂಗದವರ ಕಾಲೇಜಿಗೆ ಸೇರಲು ಹೊರಟಿದ್ದಳು. ಅಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ಸೇರಿದ್ದರೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ನಾವು ಇಂದು ಈ ಹೆಸರನ್ನು ಕೇಳುತ್ತಲೂ ಇರಲಿಲ್ಲ. ಅಷ್ಟರಲ್ಲಿ ಕ್ಲೀವ್‌ಲ್ಯಾಂಡ್ ಎಂಬ ಸಣ್ಣ ಪಟ್ಟಣದಲ್ಲಿದ್ದ ಡೆಲ್ಟಾ ಸ್ಟೇಟ್ ಎಂಬ ಸರ್ಕಾರಿ ಕಾಲೇಜಿನವರು ಬಂದು, ನಾವು ಹುಡುಗಿಯರ ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ, ಬರುತ್ತೀಯಾ ಎಂದು ಕೇಳಿದರು. ಹಿಂದೆ ಬಿಳಿಯರಿಗಷ್ಟೇ ಮೀಸಲಾಗಿದ್ದ ಆ ಕಾಲೇಜು ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ತಂಡದಲ್ಲಿದ್ದ ಒಬ್ಬಳೇ ಕಪ್ಪು ಹುಡುಗಿ ಲೂಸಿಯಾ.

ಇದ್ದಕ್ಕಿದ್ದಂತೆ ಅಲ್ಲಿ ಹುಡುಗಿಯರ ತಂಡ ಹುಟ್ಟಲು ಕಾರಣವಿತ್ತು. 1972ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಒಂದು ಕಾಯಿದೆಯಾಯಿತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು ಅದು ವಿಧಿಸಿತು. ಕಾಯಿದೆಯ ಮುಖ್ಯ ವಾಕ್ಯದಲ್ಲಿ ಆಟದ ಮಾತೇ ಇರಲಿಲ್ಲ. ಆದರೂ ಕಾಲೇಜುಗಳ ಆಟದ ಮೈದಾನಗಳಲ್ಲಿ ಅದು ಉಂಟುಮಾಡಿದ ಬದಲಾವಣೆ ಅಷ್ಟಿಷ್ಟಲ್ಲ.

ಡೆಲ್ಟಾ ಸ್ಟೇಟ್ ತಂಡದ ತರಬೇತುದಾರರಾಗಿ ಬಂದವರು ಮಾರ್ಗರೆಟ್ ವೇಡ್ ಎಂಬ 60 ವರ್ಷದ ಮಹಿಳೆ. ಅವರ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. 1930ರ ಸುಮಾರಿನಲ್ಲಿ ಅವರು ಅದೇ ಕಾಲೇಜಿನ ವಿದ್ಯಾರ್ಥಿನಿ, ಅದೇ ಕಾಲೇಜಿನ ಆಟಗಾರ್ತಿ. 1932ರಲ್ಲಿ ಕಾಲೇಜಿನ ಆಡಳಿತದವರು, ಈ ಆಟ ಯುವತಿಯರಿಗೆ ತೀರ ಶ್ರಮದಾಯಕವೆಂದು ತೀರ್ಮಾನಿಸಿ, ಹುಡುಗಿಯರ ತಂಡವನ್ನೇ ರದ್ದುಮಾಡಿದರು. ವೇಡ್ ಮತ್ತು ಜೊತೆಯವರು ಅತ್ತರು. ಬಳಿಕ ತಮ್ಮ ಆಟದ ಉಡುಪುಗಳನ್ನು ರಾಶಿ ಹಾಕಿ ಸುಟ್ಟರು. ಮುಂದೆ ಅವರು ಪ್ರೌಢಶಾಲೆಯಲ್ಲಿ ಹುಡುಗಿಯರಿಗೆ ಆಟ ಕಲಿಸಿಕೊಂಡಿದ್ದು ಅದರಿಂದಲೂ ನಿವೃತ್ತರಾಗಿದ್ದರು. ನಲವತ್ತೊಂದು ವರ್ಷಗಳ ಮೇಲೆ, 1973ರಲ್ಲಿ, ಅದೇ ಕಾಲೇಜು ಕೈಬಿಟ್ಟ ತಂಡವನ್ನು ಮತ್ತೆ ಕಟ್ಟಿಕೊಡಿರೆಂದು ಅವರನ್ನೇ ಕರೆಯಿತು. ತಮ್ಮನ್ನು ಅಂಕಣದಿಂದ ಹೊರಗೆ ಕಳಿಸಿದ ಸಂಸ್ಥೆಗಾಗಿ ಅವರು ಅಂಕಣಕ್ಕೆ ಮರಳಿ ಬಂದರು. ಆ ಕರೆಗೆ ಓಗೊಟ್ಟ ಹಿರಿಯರ ಮನಸ್ಸು ಎಷ್ಟು ದೊಡ್ಡದಿರಬೇಕೆಂದು ನಮಗೆ ಅನ್ನಿಸುತ್ತದೆ.

ಹೀಗೆ ಒಬ್ಬ ಬಿಳಿಯ ಹಿರಿಯ ಮಹಿಳೆ, ಆಟ ಕಿತ್ತುಕೊಳ್ಳಲ್ಪಟ್ಟವರು. ಒಬ್ಬ ಕಪ್ಪು ಹುಡುಗಿ, ಆಟವೇ ಇಲ್ಲದ ಕಾಲೇಜಿಗೆ ಹೋಗಲಿದ್ದವಳು. ಇವರಿಬ್ಬರ ಜೊತೆ 4 ಅಡಿ 11 ಅಂಗುಲದ ಡೆಬಿ ಬ್ರಾಕ್ ಎಂಬ ಚುರುಕು ಹುಡುಗಿ ಸೇರಿದಳು. ಅವಳು ಚೆಂಡನ್ನು ಕೆಳಗಿನಿಂದ ತಂದು ಕೊಡುವುದು, ಲೂಸಿಯಾ ಮೇಲಿನಿಂದ ಬುಟ್ಟಿಗೆ ಹಾಕುವುದು. ನೋಡಲು ತಮಾಷೆಯಾಗಿದ್ದ ಜೋಡಿ. ಎದುರಾಳಿಗಳಿಗೆ ಮಾತ್ರ ತಮಾಷೆಯಾಗಿರಲಿಲ್ಲ.

ಈಗ ಆ ಧರ್ಮಭಗಿನಿಯರ ಕಾಲೇಜಿನ ಮಾತಿಗೆ ಬರೋಣ. ಫಿಲಡೆಲ್ಫಿಯ ನಗರದ ಹೊರವಲಯದಲ್ಲಿ ಮಾತೆ ಮರಿಯಳ ನಿಷ್ಕಳಂಕ ಹೃದಯದ ಸಭೆಯ ಧರ್ಮಭಗಿನಿಯರು ನಡೆಸುತ್ತಿದ್ದ ಇಮ್ಯಾಕ್ಯುಲೇಟಾ ಎಂಬ ಹೆಣ್ಣುಮಕ್ಕಳ ಪುಟ್ಟ ಕಾಲೇಜಿತ್ತು. 1967ರಲ್ಲಿ ಅದರ ಒಳಾಂಗಣ ಕ್ರೀಡಾಗೃಹ ಬೆಂಕಿಗೆ ಆಹುತಿಯಾಗಿತ್ತು. 1970ರಲ್ಲಿ ಕ್ಯಾಥಿ ರಷ್ ಎಂಬ 20ರ ಹರೆಯದ ತರುಣಿ, ಇಡೀ ಋತುವಿಗೆ 450 ಡಾಲರ್ ಸಂಬಳಕ್ಕೆ, ತರಬೇತುದಾರಳಾಗಿ ಬಂದಳು. ಆಡಲು ಜಾಗವಿಲ್ಲದ್ದರಿಂದ ಕನ್ಯಾಮಠದ ನೆಲಮಾಳಿಗೆಯಲ್ಲೇ ಅಭ್ಯಾಸ. ಉಣ್ಣೆಯ ಭಾರವಾದ ನಿಲುವಂಗಿಯಂಥ ಉಡುಪು. 1972ರಲ್ಲಿ ಮಹಿಳೆಯರ ಮೊದಲ ಅಖಿಲ ಅಮೆರಿಕ ಕಾಲೇಜು ಪಂದ್ಯಾವಳಿಗೆ ಹೋಗಬೇಕೆಂದಾಗ ವಿಮಾನದ ಹಣಕ್ಕಾಗಿ ಹುಡುಗಿಯರು ಹಲ್ಲುಜ್ಜುವ ಬ್ರಷ್ಷುಗಳನ್ನು ಮಾರಿದರು. ಎಂಟು ಜನರನ್ನು ಕಳಿಸುವಷ್ಟೇ ಹಣ ಕೂಡಿಬಂದಿತು. ಆ ಎಂಟು ಜನ ಹೋಗಿ ಪ್ರಶಸ್ತಿ ಗೆದ್ದು ಬಂದರು. 1973ರಲ್ಲಿಯೂ ಗೆದ್ದರು, 1974ರಲ್ಲಿಯೂ ಗೆದ್ದರು.

ಆ ತಂಡದ ಪಂದ್ಯಗಳಿಗೆ ಧರ್ಮಭಗಿನಿಯರು ಸಾಲುಸಾಲಾಗಿ ಬಂದು ಕೂರುತ್ತಿದ್ದರು. ಆಟಗಾರ್ತಿಯೊಬ್ಬಳ ತಂದೆ ಕಬ್ಬಿಣದ ಸಾಮಾನಿನ ಅಂಗಡಿಯವರು. ಅವರು ಲೋಹದ ಬಕೆಟ್‌ಗಳನ್ನೂ ಮರದ ಕೋಲುಗಳನ್ನೂ ತಂದುಕೊಟ್ಟರು. ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈಯಲ್ಲಿ ಕೋಲು! ತಮ್ಮ ಹುಡುಗಿಯರು ಚೆಂಡು ಹಾಕಿದಾಗಲೆಲ್ಲ ಬಕೆಟ್ ಬಡಿದ ಸದ್ದು ಛಾವಣಿಗೆ ಮುಟ್ಟುತ್ತಿತ್ತು. (ಇಲ್ಲಿಯ ಧರ್ಮಭಗಿನಿಯರು ನಗುತ್ತಿದ್ದಾರೆ, ಮುಂದಿನ ಶಾಲಾ ಕ್ರೀಡೋತ್ಸವದಲ್ಲಿ ಅಡುಗೆಮನೆಯ ಪಾತ್ರೆಗಳ ಗತಿ ಏನಾಗುವುದೋ ನೋಡಬೇಕು.) 1975ರ ಫೆಬ್ರವರಿ 22ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಮಹಾಕ್ರೀಡಾಗೃಹದಲ್ಲಿ ಮೊತ್ತಮೊದಲ ಬಾರಿಗೆ ಮಹಿಳೆಯರ ಕಾಲೇಜು ಪಂದ್ಯ ನಡೆದಾಗ ಅಲ್ಲಿ ಆಡಿದ ಒಂದು ತಂಡ ಈ ಕನ್ಯಾಮಠದ ಕಾಲೇಜಿನದು. ಸುಮಾರು 12,000 ಜನ ನೆರೆದಿದ್ದರು. ಹಣವಿಲ್ಲ, ಕಟ್ಟಡವಿಲ್ಲ, ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವ ಶಕ್ತಿಯಿಲ್ಲ; ಇದ್ದದ್ದು ಬಾಗಿಲು ತೆರೆದಿಟ್ಟ ಒಂದು ನೆಲಮಾಳಿಗೆ, ಬೆನ್ನ ಹಿಂದೆ ನಿಂತ ಒಂದಷ್ಟು ಹೆಂಗಸರು. ಅವರಲ್ಲಿ ಆಡಿದ ರೀನ್ ಪೋರ್ಟ್‌ಲ್ಯಾಂಡ್, ತೆರೆಸಾ ಗ್ರೆಂಟ್ಸ್, ಮೇರಿಯನ್ ಸ್ಟಾನ್ಲಿ ಮೂವರೂ ಮುಂದೆ ದೊಡ್ಡ ವಿಶ್ವವಿದ್ಯಾನಿಲಯಗಳ ತರಬೇತುದಾರರಾದರು.

1975ರ ಅಂತಿಮ ಪಂದ್ಯದಲ್ಲಿ ಈ ಮೂರು ಬಾರಿಯ ವಿಜೇತರ ಎದುರು ನಿಂತದ್ದು ಲೂಸಿಯಾಳ ಡೆಲ್ಟಾ ಸ್ಟೇಟ್. ಒಂದು ಕಡೆ ಕಥೋಲಿಕ ಧರ್ಮಭಗಿನಿಯರ ಶಿಷ್ಯೆಯರು, ಇನ್ನೊಂದು ಕಡೆ ಹತ್ತಿ ನಾಡಿನ ಕಪ್ಪು ಹುಡುಗಿ. ನಮ್ಮ ಸಹಾನುಭೂತಿ ಯಾವ ಕಡೆಗೆ ಎಂದು ಕೇಳಿದರೆ ಉತ್ತರಿಸುವುದು ಕಷ್ಟ. 90ಕ್ಕೆ 81 ಅಂಕಗಳಿಂದ ಡೆಲ್ಟಾ ಸ್ಟೇಟ್ ಗೆದ್ದಿತು. ಆ ವರ್ಷ 28 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. 1976ರಲ್ಲಿ ಮತ್ತೆ ಅದೇ ಎರಡು ತಂಡಗಳು ಸೆಣಸಿದವು; 69ಕ್ಕೆ 64. 1977ರಲ್ಲಿ ಲೂಯಿಸಿಯಾನಾ ರಾಜ್ಯದ ವಿಶ್ವವಿದ್ಯಾನಿಲಯದ ವಿರುದ್ಧ 68ಕ್ಕೆ 55. ಮೂರು ವರ್ಷವೂ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ ಲೂಸಿಯಾಳೇ. ನಾಲ್ಕು ವರ್ಷಗಳಲ್ಲಿ ಆಕೆ ಗಳಿಸಿದ್ದು 2,981 ಅಂಕಗಳು, ಎಂದರೆ ಪಂದ್ಯವೊಂದಕ್ಕೆ ಸರಾಸರಿ 25.9. ಬುಟ್ಟಿಗೆ ಬೀಳದೆ ಚಿಮ್ಮಿ ಬಂದ ಚೆಂಡನ್ನು ಎಗರಿ ಹಿಡಿದದ್ದು 1,662 ಸಲ. ತಂಡ ಆಡಿದ 115 ಪಂದ್ಯಗಳಲ್ಲಿ ಸೋತದ್ದು ಆರು ಮಾತ್ರ. 1975ರಲ್ಲಿ ಡೆಲ್ಟಾ ಸ್ಟೇಟ್‌ನ ವಿದ್ಯಾರ್ಥಿಗಳು ಆಕೆಯನ್ನು ಕಾಲೇಜು ಹಬ್ಬದ ರಾಣಿಯಾಗಿ ಆರಿಸಿದರು. ಆ ಕಾಲೇಜಿನ ಇತಿಹಾಸದಲ್ಲಿ ಆ ಪಟ್ಟಕ್ಕೆ ಬಂದ ಮೊದಲ ಕಪ್ಪು ಹುಡುಗಿ. ಎಮೆಟ್ ಟಿಲ್ ಸತ್ತು ಇಪ್ಪತ್ತು ವರ್ಷಗಳಾಗಿದ್ದವು.

1976ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಪುರುಷರ ಬ್ಯಾಸ್ಕೆಟ್‌ಬಾಲ್ 1936ರಿಂದಲೇ ಅಲ್ಲಿತ್ತು. ಮಹಿಳೆಯರಿಗೆ ಅದೇ ಮೊದಲು. ಜುಲೈ 19ರಂದು ಜಪಾನಿನ ವಿರುದ್ಧ ನಡೆದ ಪಂದ್ಯದಲ್ಲಿ ಒಲಿಂಪಿಕ್ ಇತಿಹಾಸದ ಮೊದಲ ಮಹಿಳಾ ಅಂಕವನ್ನು ಗಳಿಸಿದವಳು ಲೂಸಿಯಾ ಹ್ಯಾರಿಸ್. ದಾಖಲೆ ಎಂದರೆ ಇದು. ಇನ್ನಾರೂ ಎಷ್ಟೇ ಅಂಕ ಗಳಿಸಲಿ, ಮೊದಲನೆಯದನ್ನು ಮತ್ತೆ ಗಳಿಸಲಾಗದು. ಆ ಪಂದ್ಯವನ್ನು ಅಮೆರಿಕ 84ಕ್ಕೆ 71ರಂತೆ ಸೋತಿತೆಂಬುದೂ ನಿಜ. ಸೋವಿಯತ್ ರಷ್ಯದ ಸುಮಾರು ಏಳು ಅಡಿಯ ಸೆಮ್ಯೊನೋವಾಳ ಎದುರಿಗೆ ನಮ್ಮ ಉದ್ದನೆಯ ಲೂಸಿಯಾಳೂ ಗಿಡ್ಡಳಾಗಿ ಕಂಡಳು. ರಷ್ಯಕ್ಕೆ ಚಿನ್ನ, ಅಮೆರಿಕಕ್ಕೆ ಬೆಳ್ಳಿ.

1977ರಲ್ಲಿ ಕಾಲೇಜು ಮುಗಿಯಿತು. ಆಕೆಗೆ 22 ವರ್ಷ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅದೇ ವರ್ಷ ಕಾಲೇಜು ಮುಗಿಸಿದ ಗಂಡು ಆಟಗಾರ, ಆಕೆಯ ಅರ್ಧದಷ್ಟು ಸಾಧನೆ ಇದ್ದವನೂ, ವೃತ್ತಿಪರ ತಂಡಗಳ ಕರೆಗಾಗಿ ಕಾಯುತ್ತ ಕೂರಬಹುದಾಗಿತ್ತು. ಲಕ್ಷಗಟ್ಟಲೆ ಡಾಲರುಗಳ ಒಪ್ಪಂದ, ಪತ್ರಿಕೆಗಳಲ್ಲಿ ಭಾವಚಿತ್ರ, ಹತ್ತು ಹನ್ನೆರಡು ವರ್ಷಗಳ ಜೀವನೋಪಾಯ ಅವನ ಮುಂದಿತ್ತು. ಲೂಸಿಯಾಳ ಮುಂದೆ ಏನೂ ಇರಲಿಲ್ಲ. ಕೆಟ್ಟ ಅವಕಾಶ, ಚಿಕ್ಕ ಅವಕಾಶ ಎಂದಲ್ಲ. ಆ ದೇಶದಲ್ಲಿ ಹೆಂಗಸರಿಗೆ ವೃತ್ತಿಪರ ಪಂದ್ಯಕೂಟವೆಂಬುದೇ ಇರಲಿಲ್ಲ. ನಾಲ್ಕು ವರ್ಷ ಏಣಿ ಹತ್ತಿದವಳಿಗೆ ಮೇಲೆ ಕಾಲಿಡಲು ಅಟ್ಟವೇ ಇರಲಿಲ್ಲ ಎಂದರೆ ಸರಿಯಾದೀತು. ಮರುವರ್ಷ, ಎಂದರೆ 1978ರಲ್ಲಿ, ಅಮೆರಿಕದ ಶ್ರೇಷ್ಠ ಕಾಲೇಜು ಆಟಗಾರ್ತಿಗೆಂದು ಒಂದು ಪ್ರಶಸ್ತಿಯನ್ನು ಸ್ಥಾಪಿಸಿ ಅದಕ್ಕೆ ಮಾರ್ಗರೆಟ್ ವೇಡ್ ಅವರ ಹೆಸರಿಟ್ಟರು. ಗುರುವಿನ ಹೆಸರಿನ ಆ ಪ್ರಶಸ್ತಿಯೂ ಶಿಷ್ಯೆಯ ಪಾಲಿಗೆ ಒಂದು ವರ್ಷ ತಡವಾಯಿತು.

ಆ ಬೇಸಗೆಯಲ್ಲಿ ಒಂದು ವಿಚಿತ್ರ ನಡೆಯಿತು. ಜೂನ್ ತಿಂಗಳಲ್ಲಿ ಪುರುಷರ ವೃತ್ತಿಪರ ಸಂಘವಾದ ಎನ್.ಬಿ.ಎ. ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ನ್ಯೂ ಆರ್ಲಿಯನ್ಸ್ ಜ್ಯಾಜ್ ತಂಡದವರು ಏಳನೆಯ ಸುತ್ತಿನಲ್ಲಿ, 137ನೆಯ ಆಯ್ಕೆಯಾಗಿ, ಲೂಸಿಯಾ ಹ್ಯಾರಿಸಳ ಹೆಸರು ಕೂಗಿದರು. 1969ರಲ್ಲಿ ಡೆನಿಸ್ ಲಾಂಗ್ ಎಂಬ ಹುಡುಗಿಯನ್ನು ಇನ್ನೊಂದು ತಂಡ ಆರಿಸಿತ್ತಾದರೂ ಆ ಆಯ್ಕೆಯನ್ನು ಸಂಘ ರದ್ದುಗೊಳಿಸಿತ್ತು. ಆದ್ದರಿಂದ ಅಧಿಕೃತವಾಗಿ ಪುರುಷರ ಸಂಘಕ್ಕೆ ಆಯ್ಕೆಯಾದ ಹೆಣ್ಣು ಲೂಸಿಯಾ ಒಬ್ಬಳೇ. ಇದು ಗೌರವವೋ, ಜನರನ್ನು ಸೆಳೆಯುವ ಪ್ರಚಾರದ ಉಪಾಯವೋ? ಎರಡೂ ಇದ್ದಿರಬೇಕೆಂದು ನಮ್ಮ ಎಣಿಕೆ.

ಆಕೆ ಹೋಗಲಿಲ್ಲ. ಆ ವರ್ಷದ ಆರಂಭದಲ್ಲಿ ತನ್ನ ಬಾಲ್ಯದ ಗೆಳೆಯನನ್ನು ಮದುವೆಯಾಗಿದ್ದಳು. ಕರೆ ಬಂದಾಗ ಗರ್ಭಿಣಿ. ಗಂಡಸರ ನಡುವೆ ತಾನು ಆಡಲಾರೆನೆಂಬ ಅರಿವೂ ಆಕೆಗಿತ್ತು. ಹೆಂಗಸರಲ್ಲಿ ಎತ್ತರದವಳಾದರೂ ಆ ಸಂಘದಲ್ಲಿ 6 ಅಡಿ 3 ಅಂಗುಲವೆಂದರೆ ಗಿಡ್ಡವೇ. ಮುಂದೆ ಮುಪ್ಪಿನ ದಿನಗಳಲ್ಲಿ ಯಾರೋ ಈ ಪ್ರಶ್ನೆ ಎತ್ತಿದಾಗ, ಹೋಗದಿದ್ದುದಕ್ಕೆ ತನಗೆ ಪಶ್ಚಾತ್ತಾಪವಿಲ್ಲವೆಂದೇ ಆಕೆ ಹೇಳಿದಳು. ಈ ಉತ್ತರ ಕೇಳಿ ಕೆಲವರು ಮರುಗುತ್ತಾರೆ, ಮಗುವಿಗಾಗಿ ಕೀರ್ತಿಯನ್ನು ತೊರೆದಳೆಂದು ಇನ್ನು ಕೆಲವರು ಕೊಂಡಾಡುತ್ತಾರೆ. ಎರಡೂ ಮಾತು ನಮಗೆ ಅಷ್ಟಾಗಿ ರುಚಿಸದು. ಆಕೆಯ ಎದುರಿಗೆ ತಾಯ್ತನ ಒಂದು ಕಡೆ, ವೃತ್ತಿ ಇನ್ನೊಂದು ಕಡೆ ಇಟ್ಟು ಆರಿಸೆಂದು ಯಾರೂ ಹೇಳಲಿಲ್ಲ. ಹೆಂಗಸರ ಪಂದ್ಯಕೂಟವೊಂದಿದ್ದು, ಹೆರಿಗೆಯಾದ ವರ್ಷದ ಮೇಲೆ ಮರಳಿ ಬರಲು ಅದು ಎಡೆಕೊಟ್ಟಿದ್ದರೆ, ಆಗ ಮಾತು ಬೇರೆ. ಇದ್ದದ್ದು ಗಂಡಸರ ಆಟದ ಒಂದು ಮೂಲೆಯಲ್ಲಿ ನಿಂತು ಜನರಿಗೆ ನೋಟವಾಗುವ ಅವಕಾಶ ಮಾತ್ರ. ಅದನ್ನು ಒಲ್ಲೆನೆಂದದ್ದು ತ್ಯಾಗವಲ್ಲ, ವಿವೇಕ.

ಎರಡು ವರ್ಷಗಳ ಮೇಲೆ, 1979ರಲ್ಲಿ, ಆ್ಯನ್ ಮೈಯರ್ಸ್ ಎಂಬ ಇನ್ನೊಬ್ಬ ಶ್ರೇಷ್ಠ ಆಟಗಾರ್ತಿ ಇಂಡಿಯಾನಾದ ಪುರುಷರ ತಂಡದೊಡನೆ 50,000 ಡಾಲರುಗಳ ಒಪ್ಪಂದಕ್ಕೆ ಸಹಿ ಹಾಕಿ ಮೂರು ದಿನಗಳ ಪರೀಕ್ಷೆಗೆ ನಿಂತಳು. ಆಕೆಯನ್ನು ತಂಡಕ್ಕೆ ತೆಗೆದುಕೊಳ್ಳಲಿಲ್ಲ. ಆ ಧೈರ್ಯವೂ ಮೆಚ್ಚತಕ್ಕದ್ದೇ.

1978ರ ಡಿಸೆಂಬರ್‌ನಲ್ಲಿ ಕೊನೆಗೂ ಅಮೆರಿಕದಲ್ಲಿ ಮಹಿಳೆಯರ ಮೊದಲ ವೃತ್ತಿಪರ ಪಂದ್ಯಕೂಟ ಆರಂಭವಾಯಿತು. ಲೂಸಿಯಾ 1979–80ರ ಋತುವಿನಲ್ಲಿ, ಮೊದಲ ಮಗು ಹುಟ್ಟಿದ ಮೇಲೆ, ಹ್ಯೂಸ್ಟನ್ ಏಂಜೆಲ್ಸ್ ತಂಡದಲ್ಲಿ ಆಡಿದಳು. ಆಕೆಯ ವೃತ್ತಿಪರ ಜೀವನವೆಂದರೆ ಅದೊಂದೇ ಋತು. ಆ ಕೂಟವೂ ಬಾಳಲಿಲ್ಲ. ಹೂಡಿದ ಹಣ ಬರಲಿಲ್ಲ, ಆಟಗಾರ್ತಿಯರಿಗೆ ಕೊಟ್ಟ ಚೆಕ್ಕುಗಳು ಬ್ಯಾಂಕಿನಿಂದ ಮರಳಿ ಬಂದವು, ಮೂರು ಋತುಗಳ ನಂತರ 1981ರಲ್ಲಿ ಮುಚ್ಚಿಹೋಯಿತು. ಅಷ್ಟರಲ್ಲಿ ಇಮ್ಯಾಕ್ಯುಲೇಟಾದಂಥ ಸಣ್ಣ ಕಾಲೇಜುಗಳ ಕಾಲವೂ ಮುಗಿಯುತ್ತ ಬಂದಿತ್ತು. ಹೆಣ್ಣುಮಕ್ಕಳ ಆಟಕ್ಕೆ ಹಣ ಹರಿದುಬರಲು ತೊಡಗಿದೊಡನೆ, ವಿದ್ಯಾರ್ಥಿವೇತನ ಕೊಡಬಲ್ಲ ದೊಡ್ಡ ವಿಶ್ವವಿದ್ಯಾನಿಲಯಗಳು ಮುಂದಾದವು. ಬಕೆಟ್ ಬಡಿದು ದಾರಿ ತೋರಿದವರು ಹಿಂದೆ ಉಳಿದರು.

ನಮ್ಮ ದೇಶದ ಮಾತನ್ನೂ ಒಂದು ಉಸಿರಿನಲ್ಲಿ ಹೇಳಿಬಿಡೋಣ. ಕಾನ್ವೆಂಟಿನ ಅಂಗಳದಲ್ಲಿ ಬುಟ್ಟಿಗೆ ಚೆಂಡು ಹಾಕಲು ಕಲಿತ ನಮ್ಮ ಹುಡುಗಿಯರಿಗೆ ಆಟ ಅನ್ನ ಕೊಟ್ಟದ್ದಿದ್ದರೆ ಹೆಚ್ಚಾಗಿ ಅದು ರೈಲ್ವೆ ಇಲಾಖೆಯ ನೌಕರಿಯ ರೂಪದಲ್ಲಿ. ಕೇರಳದ ಗೀತು ಅನ್ನಾ ಜೋಸ್ ಹಾಗೆ ರೈಲ್ವೆಯಲ್ಲಿ ಆಡಿ, ಆಸ್ಟ್ರೇಲಿಯದ ತಂಡವೊಂದರಲ್ಲಿ ವೃತ್ತಿಪರಳಾಗಿ ಆಡಿ, 2011ರಲ್ಲಿ ಅಮೆರಿಕದ ಮಹಿಳಾ ತಂಡಗಳ ಆಯ್ಕೆ ಪರೀಕ್ಷೆಗೂ ಹೋಗಿಬಂದವಳು. ಆಯ್ಕೆಯಾಗಲಿಲ್ಲ. ಆದರೆ ಹೋಗಿ ಬಾಗಿಲು ತಟ್ಟಲು ಅಲ್ಲಿ ಬಾಗಿಲೊಂದು ಇತ್ತೆಂಬುದನ್ನು ಗಮನಿಸಬೇಕು.

ಲೂಸಿಯಾಳ ಮುಂದಿನ ಬದುಕನ್ನು ಪತ್ರಿಕೆಗಳು ಬಹುಕಾಲ ಕೇಳಲಿಲ್ಲ. ಡೆಲ್ಟಾ ಸ್ಟೇಟ್‌ನಲ್ಲಿ ಹೊಸ ವಿದ್ಯಾರ್ಥಿಗಳ ಪ್ರವೇಶದ ವಿಭಾಗದಲ್ಲಿ ದುಡಿದಳು, ತಂಡಕ್ಕೆ ಸಹಾಯಕ ತರಬೇತುದಾರಳಾದಳು. 1984ರಲ್ಲಿ ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಟೆಕ್ಸಸ್ ಸದರ್ನ್ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ತರಬೇತುದಾರಳಾಗಿದ್ದಳು. ಬಳಿಕ ತನ್ನ ನಾಡಿಗೆ ಮರಳಿ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದಳು; ಕಲಿಕೆಯಲ್ಲಿ ಹಿಂದುಳಿದ, ವಿಶೇಷ ಗಮನ ಬೇಕಾದ ಮಕ್ಕಳಿಗೆ ಶಿಕ್ಷಕಿಯಾದಳು. ತಾನು ಕಲಿತ ಅಮಾಂಡಾ ಎಲ್ಜಿ ಶಾಲೆಯಲ್ಲಿಯೂ ಕೆಲಸ ಮಾಡಿದಳು. ಇಬ್ಬರು ಗಂಡುಮಕ್ಕಳು, ಅವಳಿ ಹೆಣ್ಣುಮಕ್ಕಳು, ಒಟ್ಟು ನಾಲ್ವರ ತಾಯಿ.

ಈ ನಡುವೆ ಕಾಯಿಲೆಯೊಂದು ಆಕೆಯನ್ನು ಹಿಡಿಯಿತು. ಬೈಪೋಲಾರ್ ಎಂದು ವೈದ್ಯರು ಹೆಸರಿಸುವ, ಮನಸ್ಸು ಒಮ್ಮೆ ಅತಿಯಾದ ಉದ್ವೇಗಕ್ಕೂ ಒಮ್ಮೆ ಆಳವಾದ ಖಿನ್ನತೆಗೂ ತೂಗಾಡುವ ಕಾಯಿಲೆ ಅದು. ನಮ್ಮ ಕುಟುಂಬಗಳಲ್ಲಿ ಇಂಥ ಕಾಯಿಲೆಯನ್ನು ಹೇಗೆ ಮುಚ್ಚಿಡುತ್ತೇವೆ, ಮದುವೆಯ ಮಾತುಕತೆಯಲ್ಲಿ ಹೇಗೆ ತೇಲಿಸಿಬಿಡುತ್ತೇವೆ ಎಂಬುದನ್ನು ಇಲ್ಲಿ ಕುಳಿತಿರುವ ತಾಯಂದಿರು ಬಲ್ಲರು. ಆಕೆ ಮುಚ್ಚಿಡಲಿಲ್ಲ. ಕ್ಯಾಮೆರಾದ ಎದುರು ಕುಳಿತು, ತನಗೆ ಈ ವ್ಯಾಧಿ ಇದೆಯೆಂದೂ ಚಿಕಿತ್ಸೆ ಪಡೆದೆನೆಂದೂ ನೆಟ್ಟಗೆ ಹೇಳಿದಳು. ಆಟ ನಿಂತುಹೋದದ್ದಕ್ಕೂ ಈ ವ್ಯಾಧಿಗೂ ನಂಟು ಕಟ್ಟಿ ಮಾತನಾಡುವವರಿದ್ದಾರೆ. ವೈದ್ಯರಲ್ಲದ ನಾವು ಆ ತೀರ್ಪಿಗೆ ಹೋಗುವುದಿಲ್ಲ. ಆದರೆ ಇಪ್ಪತ್ತೆರಡನೆಯ ವಯಸ್ಸಿನವರೆಗೆ ಸಾವಿರಾರು ಜನರ ಚಪ್ಪಾಳೆಯಲ್ಲಿ ಬದುಕಿದವಳಿಗೆ ಒಂದು ಬೆಳಗ್ಗೆ ಎದ್ದಾಗ ಮುಂದಿನ ಪಂದ್ಯವೇ ಇಲ್ಲವೆಂದಾದರೆ ಆ ಮೌನ ಎಷ್ಟು ಭಾರವಿದ್ದೀತೆಂದು ಊಹಿಸಲು ವೈದ್ಯರೇ ಆಗಬೇಕಾಗಿಲ್ಲ.

1985ರಲ್ಲಿ ಮಾರ್ಗರೆಟ್ ವೇಡ್ ಅವರ ಹೆಸರು, ಆ ಸೆಂಡಾ ಬೆರೆನ್ಸನ್ ಅವರ ಹೆಸರಿನೊಡನೆಯೇ, ಸ್ಪ್ರಿಂಗ್‌ಫೀಲ್ಡಿನ ನೈಸ್ಮಿತ್ ಕೀರ್ತಿಭವನಕ್ಕೆ ಸೇರಿತು. 1992ರಲ್ಲಿ ಲೂಸಿಯಾಳನ್ನೂ ನೆರಾ ವೈಟ್ ಎಂಬಾಕೆಯನ್ನೂ ಆಟಗಾರ್ತಿಯರೆಂಬ ನೆಲೆಯಲ್ಲಿ ಸೇರಿಸಿಕೊಳ್ಳಲಾಯಿತು. ಅದಕ್ಕೆ ಮೊದಲು ಆಟಗಾರ್ತಿಯೆಂದು ಆ ಭವನಕ್ಕೆ ಯಾವ ಹೆಣ್ಣೂ ಸೇರಿರಲಿಲ್ಲ, ಕಪ್ಪು ಮಹಿಳೆಯರಲ್ಲಂತೂ ಲೂಸಿಯಾಳೇ ಮೊದಲಿಗಳು. ಆ ದಿನ ಆಕೆಯ ಜೊತೆಗೆ ನಿಂತವರು ಆಸ್ಕರ್ ರಾಬರ್ಟ್‌ಸನ್. ಕಂಬಳಿಯ ಕೆಳಗೆ ಅಡಗಿ ನೋಡಿದ ಆ ಆಟಗಾರ!

1997ರ ಜೂನ್ 21ರಂದು, ಇಂದಿಗೂ ನಡೆಯುತ್ತಿರುವ ಡಬ್ಲ್ಯು.ಎನ್.ಬಿ.ಎ. ಎಂಬ ಮಹಿಳಾ ವೃತ್ತಿಪರ ಸಂಘದ ಮೊದಲ ಪಂದ್ಯ ನಡೆಯಿತು. ಮೊದಲ ನಾಲ್ಕು ವರ್ಷವೂ ಪ್ರಶಸ್ತಿ ಗೆದ್ದದ್ದು ಹ್ಯೂಸ್ಟನ್ ನಗರದ ತಂಡ; ಲೂಸಿಯಾ ತನ್ನ ಒಂದೇ ಒಂದು ಋತುವನ್ನು ಆಡಿದ್ದ ಅದೇ ಹ್ಯೂಸ್ಟನ್. ಆಗ ಆಕೆಗೆ 42 ವರ್ಷ. ಮಾರ್ಗರೆಟ್ ವೇಡ್ ಎರಡು ವರ್ಷ ಹಿಂದೆ ತೀರಿಕೊಂಡಿದ್ದರು.

2021ರಲ್ಲಿ ಬೆನ್ ಪ್ರೌಡ್‌ಫುಟ್ ಎಂಬ ತರುಣ ನಿರ್ದೇಶಕ ಆಕೆಯನ್ನು ಕ್ಯಾಮೆರಾದ ಮುಂದೆ ಕೂರಿಸಿ ಮಾತನಾಡಿಸಿ ‘ದ ಕ್ವೀನ್ ಆಫ್ ಬ್ಯಾಸ್ಕೆಟ್‌ಬಾಲ್’ ಎಂಬ ಸುಮಾರು 22 ನಿಮಿಷಗಳ ಸಾಕ್ಷ್ಯಚಿತ್ರವನ್ನು ತೆಗೆದನು. ಅದರಲ್ಲಿ ಹೆಚ್ಚಾಗಿ ಮಾತನಾಡುವವಳು ಆಕೆಯೊಬ್ಬಳೇ. ನಡುನಡುವೆ ತುಂಬಾ ನಗುತ್ತಾಳೆ. ಮರುಕ ಬೇಡುವ ಒಂದು ಮಾತೂ ಇಲ್ಲ. ಪುರುಷರ ವೃತ್ತಿಪರ ಆಟದ ಇಬ್ಬರು ಮಹಾನ್ ಆಟಗಾರರಾದ ಶಕೀಲ್ ಓನೀಲ್ ಮತ್ತು ಸ್ಟೀಫನ್ ಕರ್ರಿ ಆ ಚಿತ್ರದ ಬೆನ್ನಿಗೆ ನಿಂತು ನಿರ್ಮಾಪಕರ ಸಾಲಿನಲ್ಲಿ ಹೆಸರು ಸೇರಿಸಿದರು. 2022ರ ಜನವರಿ 18ರಂದು ಮಿಸಿಸಿಪ್ಪಿಯ ಮೌಂಡ್ ಬೇಯೂ ಎಂಬಲ್ಲಿ ಲೂಸಿಯಾ ಹ್ಯಾರಿಸ್ ತನ್ನ 66ನೆಯ ವಯಸ್ಸಿನಲ್ಲಿ ದೈವಾಧೀನಳಾದಳು. ಆ ಮಾರ್ಚ್ ತಿಂಗಳ 27ರಂದು ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು.